ಎರಡು ಲೈನುಗಳ ನಡುವಿನ ಬಿಂದು: ಮುಕ್ತ ನಕ್ಷೆಯಲ್ಲಿ ರೈಲು ಹಳಿಯ ಹಿಗ್ಗು ಜೋಡಣೆಯೊಂದರ ಪ್ರಕರಣ ಅಧ್ಯಯನ

ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗ ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳ ನಡುವೆ ಹಾದುಹೋಗುವ ಒಂದೆಡೆ, ಸಣ್ಣ ನಿಲ್ದಾಣವೊಂದರ ಯಾರ್ಡು ಮುಗಿದು ಬಯಲು ಶುರುವಾಗುವ ಜಾಗದಲ್ಲಿ, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಬಿಂದುವಿತ್ತು. ಅದು ಹಳಿಯ ಹಿಗ್ಗು ಜೋಡಣೆ, ಅಂದರೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಎಂದು ಯಾರೋ ಗುರುತು ಹಾಕಿದ್ದರು. ಆದರೆ ಆ ಬಿಂದು ಮೈಸೂರಿಗೆ ಹೋಗುವ ಲೈನಿನ ಮೇಲೂ ಇರಲಿಲ್ಲ, ಬೆಂಗಳೂರಿಗೆ ಹೋಗುವ ಲೈನಿನ ಮೇಲೂ ಇರಲಿಲ್ಲ. ಎರಡರ ನಡುವಿನ ಜಲ್ಲಿಯ ಮೇಲೆ, ಯಾವ ಗೆರೆಗೂ ಸೇರದೆ ಒಂಟಿಯಾಗಿ ಕೂತಿತ್ತು. ಯಾವಾಗ ನೋಡಿದ್ದು, ಎಲ್ಲಿಂದ ನೋಡಿದ್ದು, ನೋಡಿದ್ದೋ ಊಹಿಸಿದ್ದೋ ಎಂಬುದಕ್ಕೆ ಅದರ ಗುಣಲಕ್ಷಣಗಳಲ್ಲಿ ಯಾವ ಸುಳಿವೂ ಸಿಗುತ್ತಿರಲಿಲ್ಲ. ಆ ಭಾಗದ ರೈಲು ಮಾರ್ಗವನ್ನು ನಕ್ಷೆಯಲ್ಲಿ ಸರಿಪಡಿಸಲು ಹೊರಟ ನಮ್ಮ ಸಣ್ಣ ಗುಂಪು ಆ ಬಿಂದುವನ್ನು ಅಳಿಸಬೇಕೋ, ಸರಿಸಬೇಕೋ, ಎರಡು ಮಾಡಬೇಕೋ ಎಂಬ ಪ್ರಶ್ನೆಯನ್ನು ಹೇಗೆ ಬಿಡಿಸಿತು ಎಂಬುದೇ ಈ ಬರಹದ ವಿಷಯ. ನಿಲ್ದಾಣದ ಹೆಸರನ್ನು ಬೇಕೆಂದೇ ಬರೆದಿಲ್ಲ. ಇಲ್ಲಿ ಮುಖ್ಯವಾದದ್ದು ವಿಧಾನವೇ ಹೊರತು ಜಾಗವಲ್ಲ.

ಜೋಡಣೆ ಎಂದರೆ ಏನು, ಎಲ್ಲಿರುತ್ತದೆ

ಹಿಂದೆ 13 ಮೀಟರ್ ಉದ್ದದ ಹಳಿಗಳನ್ನು ಫಿಶ್ ಪ್ಲೇಟು ಮತ್ತು ಬೋಲ್ಟುಗಳಿಂದ ಒಂದಕ್ಕೊಂದು ಜೋಡಿಸುತ್ತಿದ್ದರು. ಪ್ರತಿ ಜೋಡಣೆಯಲ್ಲೂ ಒಂದಿಷ್ಟು ಅಂತರವಿರುತ್ತಿತ್ತು, ಬಿಸಿಲಿಗೆ ಹಳಿ ಹಿಗ್ಗಿದಾಗ ಆ ಅಂತರ ಮುಚ್ಚಿಕೊಳ್ಳುತ್ತಿತ್ತು. ರೈಲಿನಲ್ಲಿ ಕೂತವರಿಗೆ ತಾಳ ಹಾಕಿದಂತೆ ಕೇಳುತ್ತಿದ್ದ ಸದ್ದು ಆ ಅಂತರಗಳದ್ದೇ. ಈಗ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಬೆಸೆದು ನೂರಾರು ಮೀಟರ್, ಹಲವೆಡೆ ಕಿಲೋಮೀಟರುಗಟ್ಟಲೆ, ಒಂದೇ ತುಂಡಾಗಿ ಮಾಡಲಾಗುತ್ತದೆ. ಇದನ್ನು ರೈಲ್ವೆಯವರು ಲಾಂಗ್ ವೆಲ್ಡೆಡ್ ರೈಲ್, ಬಾಯಿಮಾತಿನಲ್ಲಿ ಎಲ್‌ಡಬ್ಲ್ಯುಆರ್, ಎನ್ನುತ್ತಾರೆ. ಬ್ರಾಡ್‌ಗೇಜಿನಲ್ಲಿ 250 ಮೀಟರಿಗಿಂತ ಉದ್ದವಾಗಿ ಬೆಸೆದ ಹಳಿ ಈ ಬಗೆಯಲ್ಲಿ ವರ್ತಿಸತೊಡಗುತ್ತದೆ ಎಂಬುದು ಭಾರತೀಯ ರೈಲ್ವೆಯ ಸಾಮಾನ್ಯ ತಿಳಿವಳಿಕೆ.

ಹೀಗೆ ಬೆಸೆದ ಹಳಿಯ ನಡುಭಾಗ ಬಿಸಿಲಿಗೂ ಚಳಿಗೂ ಜಗ್ಗುವುದಿಲ್ಲ. ಹಳಿಯ ಕೆಳಗೆ ಅಡ್ಡಲಾಗಿ ಹಾಸಿದ ಸ್ಲೀಪರುಗಳ ಹಿಡಿತ ಮತ್ತು ಜಲ್ಲಿಯ ತಡೆ ಅದನ್ನು ಕಟ್ಟಿ ಹಾಕಿರುತ್ತವೆ. ಹಿಗ್ಗಬೇಕಾದ ಲೋಹ ಹಿಗ್ಗಲಾಗದೆ ಒಳಗೇ ಒತ್ತಡವನ್ನು ತುಂಬಿಕೊಂಡು ಸುಮ್ಮನಿರುತ್ತದೆ. ತುದಿಗಳಲ್ಲಿ ಮಾತ್ರ, ಎರಡೂ ಕಡೆ ಹೆಚ್ಚೆಂದರೆ ಸುಮಾರು 100 ಮೀಟರಿನಷ್ಟು ಭಾಗ, ಹಿಂದೆ ಮುಂದೆ ಸರಿಯುತ್ತದೆ. ಇದನ್ನು ‘ಬ್ರೀದಿಂಗ್ ಲೆಂತ್’ ಎನ್ನುತ್ತಾರೆ. ಈ ಸರಿದಾಟಕ್ಕೆ ಅವಕಾಶ ಕೊಡುವ ಸಾಧನವೇ ಸ್ವಿಚ್ ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಅಂದರೆ ಎಸ್‌ಇಜೆ. ಅದರಲ್ಲಿ ಒಂದು ಹಳಿಯ ತುದಿಯನ್ನು ಓರೆಯಾಗಿ ಕೊರೆದು ಚೂಪಾಗಿಸಿರುತ್ತಾರೆ, ಅದು ‘ಟಂಗ್ ರೈಲ್’. ಇನ್ನೊಂದು ಹಳಿ ತುಸು ಹೊರಕ್ಕೆ ಬಾಗಿ ಅದಕ್ಕೆ ಒರಗಿಕೊಂಡಿರುತ್ತದೆ, ಅದು ‘ಸ್ಟಾಕ್ ರೈಲ್’. ಎರಡನ್ನೂ ಅಡ್ಡಲಾಗಿ ಬಿಗಿಯುವ ಬೋಲ್ಟು ಇರುವುದಿಲ್ಲ. ಒಂದು ಇನ್ನೊಂದರ ಪಕ್ಕದಲ್ಲಿ ಜಾರುತ್ತದೆ, ಚಕ್ರ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತದೆ.

ಇದರ ಗಾತ್ರವನ್ನು ಒಂದು ಲೆಕ್ಕದಿಂದ ತಿಳಿಯುವುದು ಒಳ್ಳೆಯದು. ಹಳಿಯ ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11.5 ಪಾಲು ಹಿಗ್ಗುತ್ತದೆ. ಒಂದು ಕಿಲೋಮೀಟರ್ ಹಳಿಯನ್ನು ಯಾರೂ ಹಿಡಿಯದೆ ಬಿಟ್ಟರೆ 30 ಡಿಗ್ರಿ ತಾಪ ಏರಿದಾಗ ಅದು ಸುಮಾರು 345 ಮಿಲಿಮೀಟರ್, ಅಂದರೆ ಒಂದು ಅಡಿಗಿಂತ ಹೆಚ್ಚು, ಬೆಳೆಯಬೇಕು. ಆದರೆ ಹಳಿಯನ್ನು ಹಿಡಿದಿಟ್ಟಿರುವುದರಿಂದ ತುದಿಯ 100 ಮೀಟರ್ ಪೂರ್ತಿಯಾಗಿ ಉಸಿರಾಡಿದರೂ, ಮತ್ತು ತಡೆ ತುದಿಯಿಂದ ಒಳಕ್ಕೆ ಕ್ರಮೇಣ ಏರುವುದರಿಂದ ಆ ಭಾಗದ ಮುಕ್ತ ಹಿಗ್ಗುವಿಕೆಯ ಅರ್ಧದಷ್ಟು ಮಾತ್ರ ದಕ್ಕುವುದರಿಂದ, ತುದಿ ಸರಿಯುವುದು ಸುಮಾರು 17 ಮಿಲಿಮೀಟರ್. ನಿಗದಿತ ತಾಪಮಾನದಲ್ಲಿ ಎಸ್‌ಇಜೆಯ ಅಂತರವನ್ನು ಸುಮಾರು 40 ಮಿಲಿಮೀಟರಿಗೆ ಹೊಂದಿಸಿಡುವುದು ಇಂಥ ಲೆಕ್ಕದ ಆಧಾರದ ಮೇಲೆಯೇ. ನಕ್ಷೆ ಮಾಡುವವರು ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜೋಡಣೆಯ ಬದುಕು ಮಿಲಿಮೀಟರಿನದ್ದು, ನಮ್ಮ ಕೈಯಲ್ಲಿರುವ ಅಳತೆ ಮೀಟರಿನದ್ದು. ಆದ್ದರಿಂದ ಅಂತರ ಎಷ್ಟಿದೆ, ಹಳಿ ಎಷ್ಟು ಸರಿದಿದೆ ಎಂಬುದು ಮುಕ್ತ ನಕ್ಷೆಯ ಕೆಲಸವೇ ಅಲ್ಲ. ಜೋಡಣೆ ಯಾವ ಲೈನಿನಲ್ಲಿ, ಎಲ್ಲಿದೆ, ಯಾವಾಗ ಇದ್ದದ್ದನ್ನು ಕಂಡೆವು ಎಂಬಷ್ಟೇ ನಮ್ಮ ಪಾಲಿನದು.

ಸಾಲದೆಂಬಂತೆ, ಎಸ್‌ಇಜೆ ಎಲ್ಲಿರಬೇಕು ಎಂಬುದಕ್ಕೆ ರೈಲ್ವೆಯಲ್ಲಿ ನಿಯಮಗಳಿವೆ. ಯಾರ್ಡಿನ ಪಾಯಿಂಟುಗಳಿಗೆ, ಅಂದರೆ ಒಂದು ಲೈನು ಎರಡಾಗಿ ಕವಲೊಡೆಯುವ ಜಾಗಗಳಿಗೆ, ಬೆಸೆದ ಹಳಿಯ ಒತ್ತಡ ತಗಲಬಾರದೆಂದು, ಪಾಯಿಂಟಿನ ಹಳಿ ಶುರುವಾಗುವ ಜಾಗಕ್ಕೂ ಎಸ್‌ಇಜೆಗೂ ನಡುವೆ ಕನಿಷ್ಠ ಮೂರು ಹಳಿಗಳ, ಅಂದರೆ 39 ಮೀಟರಿನ, ಒಂದು ತುಂಡನ್ನು ಬಿಡುವ ಪದ್ಧತಿ ಇದೆ. ತಿರುವಿಗೆ ಹೊಂದಿಕೊಳ್ಳುತ್ತಾ ಹೋಗುವ ಸಂಧಿ ವಕ್ರದಲ್ಲಿ ಎಸ್‌ಇಜೆ ಇಡುವುದಿಲ್ಲ. ಲೆವೆಲ್ ಕ್ರಾಸಿಂಗಿನ ಗೇಟು ಉಸಿರಾಡುವ ಭಾಗದೊಳಗೆ ಬರಬಾರದು. ಈ ನಿಯಮಗಳು ನಕ್ಷೆಗಾರನಿಗೆ ಆಸೆ ಹುಟ್ಟಿಸುತ್ತವೆ. ಯಾರ್ಡಿನ ಕೊನೆಯ ಪಾಯಿಂಟು ಚಿತ್ರದಲ್ಲಿ ಕಾಣುತ್ತದೆ, ಅಲ್ಲಿಂದ 39 ಮೀಟರ್ ಅಳೆದು ಒಂದು ಬಿಂದು ಇಟ್ಟುಬಿಟ್ಟರೆ ಆಯಿತಲ್ಲ ಎಂದು ಅನ್ನಿಸುವುದು ಸಹಜ. ನಮ್ಮ ಪ್ರಕರಣದ ಒಂಟಿ ಬಿಂದು ಯಾರ್ಡಿನ ಅಂಚಿಗೆ ಸರಿಯಾಗಿ ಅಂಥ ದೂರದಲ್ಲೇ ಇತ್ತು.

ಊಹೆಯೋ, ಕಂಡದ್ದೋ

ನಮ್ಮಲ್ಲಿ ಮೊದಲ ಭಿನ್ನಾಭಿಪ್ರಾಯ ಬಂದದ್ದು ಇಲ್ಲಿಯೇ. ಗುಂಪಿನ ಒಬ್ಬರು, ಸಿವಿಲ್ ಎಂಜಿನಿಯರಿಂಗ್ ಓದಿದವರು, ನಿಯಮವೇ ಇರುವಾಗ ಅದರಂತೆ ಎರಡೂ ಲೈನುಗಳ ಮೇಲೆ ಬಿಂದು ಇಡುವುದರಲ್ಲಿ ತಪ್ಪೇನಿಲ್ಲ, ಇದೇ ಕ್ರಮದಿಂದ ಇಡೀ ಮಾರ್ಗದ ಯಾರ್ಡುಗಳ ತುದಿಗಳನ್ನು ಒಂದೇ ಸಂಜೆ ತುಂಬಬಹುದು ಎಂದರು. ಅವರ ವಾದದಲ್ಲಿ ಹುರುಳಿತ್ತು, ಏಕೆಂದರೆ ನಿಯಮ ಬಹುತೇಕ ಕಡೆ ಪಾಲನೆಯಾಗಿಯೇ ಇರುತ್ತದೆ. ಆದರೂ ನಾವು ಅದನ್ನು ಒಪ್ಪಲಿಲ್ಲ, ಮತ್ತು ಈ ಪ್ರಕರಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ನಿಯಮದಿಂದ ಹುಟ್ಟಿಸಿದ ಬಿಂದು ನಿಯಮದ ನಕಲು ಮಾತ್ರ, ನೆಲದ ದಾಖಲೆ ಅಲ್ಲ. ಯಾರಾದರೂ ಮುಂದೆ ಈ ದತ್ತಾಂಶವನ್ನು ಬಳಸಿ, ನಮ್ಮ ಮಾರ್ಗಗಳಲ್ಲಿ ಜೋಡಣೆಗಳು ನಿಯಮದಂತೆ ಇವೆಯೇ ಎಂದು ಪರೀಕ್ಷಿಸಿದರೆ, ನಾವು ನಿಯಮವನ್ನೇ ನಕ್ಷೆಗೆ ಸುರಿದಿದ್ದರಿಂದ ಉತ್ತರ ಹೌದು ಎಂದೇ ಬರುತ್ತದೆ. ಅಂಥ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ, ಕೆಲವರಿಗೆ ಅದು ದಾರಿ ತಪ್ಪಿಸಲೂಬಹುದು. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯೋಜನೆ ಮೊದಲಿನಿಂದಲೂ ಹಿಡಿದಿರುವ ತತ್ತ್ವ, ನೆಲದ ಮೇಲೆ ಇರುವುದನ್ನು, ಇನ್ನೊಬ್ಬರು ಹೋಗಿ ನೋಡಿ ದೃಢಪಡಿಸಬಹುದಾದ್ದನ್ನು ಮಾತ್ರ ದಾಖಲಿಸಬೇಕು ಎಂಬುದು. ನಿಯಮಕ್ಕೆ ಇಲ್ಲಿ ಒಂದೇ ಪಾತ್ರ: ಎಲ್ಲಿ ಹುಡುಕಬೇಕೆಂದು ಅದು ತೋರಿಸಬಹುದು, ಕಂಡದ್ದು ಅಸಂಭವವಾಗಿದ್ದರೆ ಮತ್ತೆ ನೋಡು ಎಂದು ಎಚ್ಚರಿಸಬಹುದು.

ಹಾಗಾದರೆ ನೋಡುವುದು ಹೇಗೆ? ಹಳಿಯ ಮೇಲೆ ನಡೆದುಹೋಗಿ ನೋಡುವುದು ಅತ್ಯಂತ ಸುಲಭ, ಮತ್ತು ಅದನ್ನು ಮಾಡಲೇಬಾರದು. 1989ರ ರೈಲ್ವೆ ಕಾಯ್ದೆಯ 147ನೇ ವಿಧಿಯ ಪ್ರಕಾರ ಹಳಿಯ ಮೇಲೆ ಅನಧಿಕೃತವಾಗಿ ಹೋಗುವುದು ಆರು ತಿಂಗಳವರೆಗಿನ ಸೆರೆವಾಸ ಅಥವಾ 1,000 ರೂಪಾಯಿವರೆಗಿನ ದಂಡಕ್ಕೆ ಕಾರಣವಾಗಬಹುದಾದ ಅಪರಾಧ. ಕಾನೂನಿಗಿಂತ ದೊಡ್ಡ ಕಾರಣ ಜೀವದ್ದು. ವಿದ್ಯುತ್ ರೈಲು ಸದ್ದು ಕೇಳಿಸುವ ಹೊತ್ತಿಗೆ ಬಹಳ ಹತ್ತಿರ ಬಂದಿರುತ್ತದೆ. ಜೋಡಿ ಮಾರ್ಗದಲ್ಲಿ ಒಂದು ಲೈನಿನ ಗಾಡಿಯ ಸದ್ದಿನಲ್ಲಿ ಇನ್ನೊಂದು ಲೈನಿನ ಗಾಡಿಯ ಸದ್ದು ಮುಳುಗಿಹೋಗುತ್ತದೆ. ನಕ್ಷೆಯ ಯಾವ ಬಿಂದುವಿಗೂ ಆ ಬೆಲೆ ಇಲ್ಲ.

ರೈಲ್ವೆಯ ಒಳ ದಾಖಲೆಗಳನ್ನು ನೋಡಿ ಬರೆಯುವ ದಾರಿಯನ್ನೂ ನಾವು ಬಿಟ್ಟೆವು. ಪ್ರತಿ ಬೆಸೆದ ಹಳಿಯ ಹುಟ್ಟು, ಒತ್ತಡ ಇಳಿಸಿದ ದಿನ, ಆಗಿನ ತಾಪಮಾನ, ಎಸ್‌ಇಜೆಯ ಅಂತರ, ಎಲ್ಲವೂ ಸಂಬಂಧಪಟ್ಟ ವಿಭಾಗದ ದಾಖಲೆಗಳಲ್ಲಿ ಅಚ್ಚುಕಟ್ಟಾಗಿ ಇರುತ್ತವೆ. ಆದರೆ ಅವು ಮುಕ್ತ ಪರವಾನಗಿಯಲ್ಲಿ ಪ್ರಕಟವಾದವಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಮುಕ್ತ ದತ್ತಸಂಚಯ ಪರವಾನಗಿಯಡಿ ಹಂಚಿಕೆಯಾಗುತ್ತಿದ್ದು, ಯಾರಿಂದ ಬೇಕಾದರೂ ಎತ್ತಿಕೊಂಡ ಮಾಹಿತಿಯನ್ನು ಅದಕ್ಕೆ ಸೇರಿಸಲು ಬರುವುದಿಲ್ಲ. ಇದೇ ಕಾರಣಕ್ಕೆ ಗೂಗಲ್‌ನ ಉಪಗ್ರಹ ಚಿತ್ರವನ್ನಾಗಲಿ ಬೀದಿ ಚಿತ್ರವನ್ನಾಗಲಿ ನೋಡಿ ಗೆರೆ ಎಳೆಯುವಂತಿಲ್ಲ. ಬಿಂಗ್ ಮತ್ತು ಎಸ್ರಿ ಸಂಸ್ಥೆಗಳ ಚಿತ್ರಗಳಿಗೆ ಅನುಮತಿ ಇದೆ.

ಮೇಲ್ಸೇತುವೆಯಿಂದ ಕಂಡದ್ದು

ನಮ್ಮ ಅದೃಷ್ಟಕ್ಕೆ ಆ ಯಾರ್ಡಿನ ಬೆಂಗಳೂರು ತುದಿಯಲ್ಲಿ ರೈಲು ಮಾರ್ಗದ ಮೇಲೆ ರಸ್ತೆ ಮೇಲ್ಸೇತುವೆಯೊಂದಿದೆ, ಅದರ ಪಾದಚಾರಿ ಅಂಚಿನಿಂದ ಎರಡೂ ಲೈನುಗಳು ನೇರವಾಗಿ ಕೆಳಗೆ ಚಾಚಿಕೊಂಡು ಕಾಣುತ್ತವೆ. ಸಾರ್ವಜನಿಕ ರಸ್ತೆಯ ಮೇಲೆ ನಿಂತು, ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದಾಗ ಎಸ್‌ಇಜೆಯನ್ನು ಬೇರೆಯವುಗಳಿಂದ ಬೇರ್ಪಡಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಹಳಿಯ ತಲೆಯ ಮೇಲೆ ಚಕ್ರ ಉಜ್ಜಿ ಹೊಳೆಯುವ ಪಟ್ಟಿ ಒಂದೇ ನೇರದಲ್ಲಿ ಹೋಗುತ್ತಿದ್ದು, ಜೋಡಣೆಯ ಜಾಗದಲ್ಲಿ ಮಾತ್ರ ಓರೆಯಾಗಿ ಎರಡಾಗಿ, ತುಸು ದೂರ ಜೊತೆಜೊತೆಗೆ ಸಾಗಿ, ಮತ್ತೆ ಒಂದಾಗುತ್ತದೆ. ಎರಡೂ ಹಳಿಗಳಲ್ಲಿ ಇದು ಒಂದೇ ಸಾಲಿನಲ್ಲಿ, ಎದುರುಬದುರಾಗಿ ಕಾಣುತ್ತದೆ. ಗ್ಲೂಡ್ ಜಾಯಿಂಟ್ ಹಾಗಲ್ಲ. ಸಿಗ್ನಲ್ಲಿನ ಟ್ರ್ಯಾಕ್ ಸರ್ಕ್ಯೂಟನ್ನು, ಅಂದರೆ ಗಾಡಿ ಇದೆಯೇ ಎಂದು ತಿಳಿಯಲು ಹಳಿಯಲ್ಲೇ ಹರಿಸುವ ವಿದ್ಯುತ್ತಿನ ದಾರಿಯನ್ನು, ತುಂಡರಿಸಲು ಹಾಕುವ ಆ ನಿರೋಧಕ ಜೋಡಣೆಯಲ್ಲಿ ಹಳಿ ನೇರವಾಗಿ ಕತ್ತರಿಸಿದಂತಿರುತ್ತದೆ, ಪಕ್ಕದಲ್ಲಿ ಬೋಲ್ಟು ಬಿಗಿದ ಪ್ಲೇಟು ಇರುತ್ತದೆ, ಹೊಳೆಯುವ ಪಟ್ಟಿ ಎಲ್ಲೂ ಓರೆಯಾಗುವುದಿಲ್ಲ. ಯಾರ್ಡಿನ ಅಂಚಿನಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬಹುದಾದ್ದರಿಂದ ಒಂದನ್ನು ಇನ್ನೊಂದೆಂದು ಬರೆಯುವ ಸಂಭವ ಹೆಚ್ಚು.

ನಾವು ಕಂಡಂತೆ ಎಸ್‌ಇಜೆ ಎರಡು ಲೈನುಗಳಲ್ಲೂ ಇತ್ತು, ಆದರೆ ಅಕ್ಕಪಕ್ಕದಲ್ಲಿ ಇರಲಿಲ್ಲ. ಬೆಂಗಳೂರು ಲೈನಿನದು ಸೇತುವೆಗೆ ಹತ್ತಿರವಿದ್ದರೆ, ಮೈಸೂರು ಲೈನಿನದು ಸುಮಾರು ಎರಡು ವಿದ್ಯುತ್ ಕಂಬಗಳ ನಡುವಿನ ಅಂತರದಷ್ಟು ಮುಂದೆ, ಯಾರ್ಡಿನ ಕಡೆಗಿತ್ತು. ಹಳೆಯ ಒಂಟಿ ಬಿಂದು ಈ ಎರಡರಲ್ಲಿ ಯಾವುದರ ಪಕ್ಕಕ್ಕೂ ಸರಿಯಾಗಿ ಬೀಳುತ್ತಿರಲಿಲ್ಲ. ಎರಡು ಜೋಡಣೆಗಳನ್ನು ಒಂದೇ ಬಿಂದುವಿನಿಂದ ತೋರಿಸುವುದು ಸಾಧ್ಯವಿರಲಿಲ್ಲ.

ಮುಂದಿನ ಪ್ರಶ್ನೆ ನಿಖರತೆಯದು. ಈಗಿನ ಹೊಸ ಕಾಮಗಾರಿಗಳಲ್ಲಿ ಎರಡು ಲೈನುಗಳ ನಡುಗೆರೆಗಳ ನಡುವಿನ ಅಂತರ ಕನಿಷ್ಠ 5.3 ಮೀಟರ್ ಇರಬೇಕೆಂಬುದು ಭಾರತೀಯ ರೈಲ್ವೆಯ ಮಾನದಂಡ, ಹಳೆಯ ಕಡೆಗಳಲ್ಲಿ ಅದಕ್ಕಿಂತ ಕಡಿಮೆಯೂ ಇದೆ. ಮೊಬೈಲ್ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಅಂದಮೇಲೆ ಚಲಿಸುವ ರೈಲಿನಲ್ಲಿ ಕೂತು, ಜೋಡಣೆಯ ಸದ್ದು ಕೇಳಿದ ಕ್ಷಣದಲ್ಲಿ ಫೋನಿನಲ್ಲಿ ಗುರುತು ಹಾಕಿದರೆ, ಅದು ಯಾವ ಲೈನಿನದೆಂದು ಹೇಳಬಲ್ಲದ್ದು ಫೋನಲ್ಲ, ನಾವು ಯಾವ ಗಾಡಿಯಲ್ಲಿ ಕೂತಿದ್ದೆವೆಂಬ ನಮ್ಮ ತಿಳಿವಳಿಕೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುವುದರಿಂದ, ಬೆರಳು ಅರ್ಧ ಸೆಕೆಂಡು ತಡವಾದರೆ 14 ಮೀಟರ್ ತಪ್ಪು. ರೈಲಿನೊಳಗಿನ ಗುರುತು ಜೋಡಣೆ ಇದೆ ಎಂಬ ಸುಳಿವಿಗೆ ಸಾಕು, ಜಾಗ ನಿಗದಿಗೆ ಸಾಲದು.

ಜಾಗವನ್ನು ನಿಗದಿ ಮಾಡಲು ನಮಗೆ ನೆರವಾದದ್ದು ವಿದ್ಯುತ್ ಕಂಬಗಳು ಮತ್ತು ಸ್ಲೀಪರುಗಳು. ಮೇಲಿನ ತಂತಿಯನ್ನು ಹಿಡಿದಿರುವ ಕಂಬಗಳು ಉಪಗ್ರಹ ಚಿತ್ರದಲ್ಲಿ ಚುಕ್ಕೆಗಿಂತ ಹೆಚ್ಚಾಗಿ ನೆರಳಿನಿಂದ ಗೊತ್ತಾಗುತ್ತವೆ. ನೆರಳು ಶುರುವಾಗುವ ಜಾಗವೇ ಕಂಬದ ಬುಡ. ಕಂಬಗಳ ನಡುವಿನ ದೂರವೂ ಮನಬಂದಂತೆ ಇರುವುದಿಲ್ಲ. ನೇರ ಮಾರ್ಗದಲ್ಲಿ ಹೆಚ್ಚೆಂದರೆ 72 ಮೀಟರ್, ಅಲ್ಲಿಂದ 4.5 ಮೀಟರಿನ ಮೆಟ್ಟಿಲುಗಳಲ್ಲಿ 67.5, 63, 58.5 ಹೀಗೆ ಇಳಿಯುತ್ತದೆ. ಮೈಸೂರು ಲೈನಿನ ಜೋಡಣೆಯನ್ನು ಹಿಂದೆ ಮುಂದೆ ಹಿಡಿದ ಎರಡು ಕಂಬಗಳ ದೂರ ಚಿತ್ರದಲ್ಲಿ ಸುಮಾರು 63 ಮೀಟರ್ ಬಂತು, ಅದು ಈ ಸಾಲಿನಲ್ಲಿ ಬರುವ ಸಂಖ್ಯೆಯೇ. ಇನ್ನು ಕಾಂಕ್ರೀಟ್ ಸ್ಲೀಪರುಗಳು. ಮುಖ್ಯ ಮಾರ್ಗಗಳಲ್ಲಿ ಕಿಲೋಮೀಟರಿಗೆ 1,660 ಸ್ಲೀಪರು ಹಾಕುವುದು ರೂಢಿ, ಅಂದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 60 ಸೆಂಟಿಮೀಟರ್. ಸೇತುವೆಯಿಂದ ಜೂಮ್ ಮಾಡಿ ತೆಗೆದ ಚಿತ್ರದಲ್ಲಿ ಹತ್ತಿರದ ಕಂಬದ ಬುಡದಿಂದ ಜೋಡಣೆಯ ಚೂಪು ತುದಿಯವರೆಗೆ ಎಣಿಸಿದರೆ 34 ಸ್ಲೀಪರು, ಅಂದರೆ ಸುಮಾರು 20.4 ಮೀಟರ್. ಅಲ್ಲಿಂದ ದೂರದ ಕಂಬದವರೆಗೆ 71 ಸ್ಲೀಪರು, ಅಂದರೆ 42.6 ಮೀಟರ್. ಕೂಡಿಸಿದರೆ 63. ಜೋಡಣೆಯ ಕೆಳಗಿನ ವಿಶೇಷ ಸ್ಲೀಪರುಗಳ ಅಂತರ ತುಸು ಬೇರೆಯಿರುವುದರಿಂದ ಒಂದೆರಡು ಸ್ಲೀಪರಿನಷ್ಟು ಹೆಚ್ಚುಕಡಿಮೆ ಆಗಬಹುದು. ಆದರೂ ಜಿಪಿಎಸ್‌ಗಿಂತ ಈ ಎಣಿಕೆ ಎಷ್ಟೋ ಪಾಲು ನಂಬಲರ್ಹ. ಸ್ಲೀಪರು ಎಣಿಸುವುದು ಹಳೆಯ ಕಾಲದ ಕೆಲಸದಂತೆ ತೋರಬಹುದು, ಆದರೆ ಹೊರಗೆ ನಿಂತು ನೋಡುವವರಿಗೆ ರೈಲು ಮಾರ್ಗವೇ ಹಾಸಿಟ್ಟ ಅಳತೆಪಟ್ಟಿ ಇದು, ಮುಕ್ತ ನಕ್ಷೆ ಮಾಡುವವರು ಇದನ್ನು ಇನ್ನೂ ಹೆಚ್ಚು ಬಳಸಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಉಪಗ್ರಹ ಚಿತ್ರವೇ ಸರಿದಿದ್ದರೆ ಈ ಎಣಿಕೆಯೂ ಅದರೊಂದಿಗೆ ಸರಿಯುತ್ತದೆ. ಎರಡು ಮೂಲಗಳ ಚಿತ್ರಗಳು ಒಂದಕ್ಕೊಂದು ಕೆಲವು ಮೀಟರ್ ಆಚೀಚೆ ಇದ್ದವು. ಮೇಲ್ಸೇತುವೆಯ ರಸ್ತೆಯಲ್ಲಿ ಬೇರೆ ಬೇರೆಯವರು ಓಡಾಡಿ ದಾಖಲಿಸಿದ ಜಿಪಿಎಸ್ ಗೆರೆಗಳ ಸರಾಸರಿಗೆ ಚಿತ್ರವನ್ನು ಹೊಂದಿಸಿ, ಆಮೇಲೆ ಲೈನುಗಳನ್ನು, ಕಂಬಗಳನ್ನು, ಕೊನೆಗೆ ಜೋಡಣೆಯನ್ನು ಇಟ್ಟೆವು. ಈ ಕ್ರಮ ಮುಖ್ಯ. ಮೊದಲು ಜೋಡಣೆ ಇಟ್ಟು ಆಮೇಲೆ ಲೈನು ಸರಿಸಿದರೆ, ಅಷ್ಟು ಎಣಿಸಿದ್ದೆಲ್ಲ ವ್ಯರ್ಥವಾಗುತ್ತದೆ.

ಬಿಂದುವನ್ನು ಬರೆದ ಬಗೆ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ವಸ್ತುಗಳು ಮೂರು ಬಗೆ: ಬಿಂದು, ಗೆರೆ, ಸಂಬಂಧ. ಎಸ್‌ಇಜೆಗೆ ಕೆಲವು ಮೀಟರಿನಷ್ಟು ಉದ್ದವಿದ್ದರೂ ಅದನ್ನು ಗೆರೆಯ ತುಂಡಾಗಿ ಬರೆಯುವುದರಿಂದ ಲೈನು ಅನಗತ್ಯವಾಗಿ ಚೂರುಚೂರಾಗುತ್ತದೆ, ವೇಗಮಿತಿ, ವಿದ್ಯುದೀಕರಣ, ಗೇಜು ಮುಂತಾದ ಗುಣಗಳೆಲ್ಲ ಪ್ರತಿ ಚೂರಿಗೂ ನಕಲಾಗಬೇಕಾಗುತ್ತದೆ. ಆದ್ದರಿಂದ ಬಿಂದುವೇ ಸರಿ. ಆದರೆ ಅದು ಲೈನಿನ ಗೆರೆಯದೇ ಒಂದು ಸಂಧಿಬಿಂದುವಾಗಿರಬೇಕು, ಪಕ್ಕದಲ್ಲಿ ತೇಲಬಾರದು. ಹಳೆಯ ಬಿಂದುವಿನ ದೊಡ್ಡ ಕೊರತೆ ಇದೇ. ಗಣಕ ಒಂದು ಲೈನಿನ ಉದ್ದಕ್ಕೂ ಹೋಗುತ್ತಾ ಅದರ ಮೇಲಿನ ಪಾಯಿಂಟು, ಸಿಗ್ನಲ್, ಗೇಟುಗಳನ್ನು ಪಟ್ಟಿ ಮಾಡಿದರೆ, ಗೆರೆಗೆ ಸೇರದ ಬಿಂದು ಆ ಪಟ್ಟಿಗೆ ಬರುವುದೇ ಇಲ್ಲ. ಕಣ್ಣಿಗೆ ನಕ್ಷೆಯಲ್ಲಿ ಕಾಣುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ.

ಒಂದು ಲೈನಿನ ಎರಡು ಹಳಿಗಳಿಗೆ ಒಂದೇ ಬಿಂದು, ಎರಡು ಲೈನುಗಳಿಗೆ ಎರಡು ಬಿಂದು ಎಂದು ನಿರ್ಧರಿಸಿದೆವು. ಗುರುತಿಗೆ ‘ರೈಲ್ವೇ’ ಎಂಬ ಕೀಲಿಗೆ ‘ಎಕ್ಸ್‌ಪ್ಯಾನ್ಷನ್ ಜಾಯಿಂಟ್’ ಎಂಬ ಮೌಲ್ಯವನ್ನು ಉಳಿಸಿಕೊಂಡೆವು, ನೋಡಿದ ದಿನಾಂಕವನ್ನು ಬಿಂದುವಿನಲ್ಲೇ ಬರೆದೆವು, ಮೂಲವನ್ನು ‘ಸಾರ್ವಜನಿಕ ಸೇತುವೆಯಿಂದ ನೋಡಿದ್ದು, ಉಪಗ್ರಹ ಚಿತ್ರದ ಮೇಲೆ ಇರಿಸಿದ್ದು’ ಎಂದು ಸಂಪಾದನೆಯ ಟಿಪ್ಪಣಿಯಲ್ಲಿ ಬರೆದೆವು. ದಿನಾಂಕ ಇಲ್ಲದ ಎಸ್‌ಇಜೆ ಬಿಂದುವಿಗೆ ನನ್ನ ದೃಷ್ಟಿಯಲ್ಲಿ ಅರ್ಧ ಬೆಲೆಯೂ ಇಲ್ಲ, ಕಾರಣ ಮುಂದೆ ತಿಳಿಯುತ್ತದೆ.

ದಿಕ್ಕಿನ ವಿಚಾರದಲ್ಲಿ ಸ್ವಲ್ಪ ಹೆಚ್ಚು ಚರ್ಚೆಯಾಯಿತು. ಜೋಡಿ ಮಾರ್ಗದಲ್ಲಿ ಸಾಮಾನ್ಯವಾಗಿ ಟಂಗ್ ರೈಲಿನ ಚೂಪು ತುದಿ ಗಾಡಿ ಸಾಗುವ ಕಡೆಗೇ ಇರುವಂತೆ, ಅಂದರೆ ಚಕ್ರ ಚೂಪು ತುದಿಗೆ ಎದುರಾಗಿ ಬಡಿಯದಂತೆ, ಎಸ್‌ಇಜೆಯನ್ನು ಕೂರಿಸುತ್ತಾರೆ. ಇಲ್ಲಿಯೂ ಮೈಸೂರು ಲೈನಿನ ಚೂಪು ತುದಿಗಳು ಮೈಸೂರಿನ ಕಡೆಗೇ ಇದ್ದವು. ಇದನ್ನು ಗೆರೆಯ ದಿಕ್ಕಿಗೆ, ಅಂದರೆ ನಕ್ಷೆಯಲ್ಲಿ ಅದನ್ನು ಯಾವ ಕಡೆಗೆ ಎಳೆದಿದೆಯೋ ಅದಕ್ಕೆ, ಹೋಲಿಸಿ ‘ಮುಂದಕ್ಕೆ’ ಎಂದು ಬರೆಯಬಹುದಿತ್ತು. ಆದರೆ ಬಿಂದುವಿಗೆ ತನ್ನದೇ ದಿಕ್ಕಿಲ್ಲ. ನಾಳೆ ಯಾರಾದರೂ ಗೆರೆಯನ್ನು ತಿರುಗಿಸಿದರೆ, ಅವರು ಬಳಸುವ ತಂತ್ರಾಂಶ ಆ ಗುಣವನ್ನು ಗುರುತಿಸದಿದ್ದರೆ, ನಮ್ಮ ‘ಮುಂದಕ್ಕೆ’ ಸದ್ದಿಲ್ಲದೆ ಸುಳ್ಳಾಗುತ್ತದೆ. ಆದ್ದರಿಂದ ವಿವರಣೆಯಲ್ಲಿ ‘ಚೂಪು ತುದಿ ಮೈಸೂರಿನ ಕಡೆಗೆ’ ಎಂದು ಊರಿನ ಹೆಸರಿನಿಂದಲೇ ಬರೆದೆವು. ಗಣಕಕ್ಕೆ ಇದು ಅಷ್ಟು ಅನುಕೂಲವಲ್ಲ, ಆದರೆ ಗೆರೆ ಹೇಗೆ ತಿರುಗಿದರೂ ಮಾತು ಸುಳ್ಳಾಗುವುದಿಲ್ಲ.

ಭದ್ರತೆಯ ಪ್ರಶ್ನೆಯನ್ನು ಗುಂಪಿನ ಹಿರಿಯರೊಬ್ಬರು ಎತ್ತಿದರು, ಎತ್ತಿದ್ದು ಒಳ್ಳೆಯದೇ ಆಯಿತು. ಭಾರತ ಸರ್ಕಾರ 15 ಫೆಬ್ರವರಿ 2021ರಂದು ಪ್ರಕಟಿಸಿದ ಭೂ-ಅವಕಾಶ, ಅಂದರೆ ಜಿಯೋಸ್ಪೇಷಿಯಲ್, ದತ್ತಾಂಶದ ಮಾರ್ಗಸೂಚಿಗಳು ನಕ್ಷೆ ಮಾಡುವುದನ್ನು ಬಹುಮಟ್ಟಿಗೆ ಮುಕ್ತಗೊಳಿಸಿವೆ. ಸಾರ್ವಜನಿಕ ರಸ್ತೆಯಿಂದ ಯಾರ ಕಣ್ಣಿಗೂ ಬೀಳುವ ಜೋಡಣೆಯ ಜಾಗ ಗುಟ್ಟೇನೂ ಅಲ್ಲ. ಆದರೂ ಒಂದು ಗೆರೆ ಹಾಕಿಕೊಂಡೆವು: ಇರುವಿಕೆಯನ್ನು ಬರೆಯಬೇಕು, ಸ್ಥಿತಿಯನ್ನು ಬರೆಯಬಾರದು. ಅಂತರ ಹೆಚ್ಚಿದೆ, ಜಲ್ಲಿ ಕಡಿಮೆಯಿದೆ, ಫಿಟ್ಟಿಂಗು ಸಡಿಲವಿದೆ ಎಂಬ ಮಾತುಗಳಿಗೆ ಮುಕ್ತ ನಕ್ಷೆಯಲ್ಲಿ ಜಾಗವಿಲ್ಲ. ಅಂಥದ್ದು ಕಂಡರೆ ಹತ್ತಿರದ ನಿಲ್ದಾಣದ ಸ್ಟೇಷನ್ ಮಾಸ್ತರರಿಗೆ ಅಥವಾ ರೈಲ್ವೆಯ 139 ಸಹಾಯವಾಣಿಗೆ ಆ ಕೂಡಲೇ ತಿಳಿಸಬೇಕು. ದಿನವೂ ತನ್ನ ಪಾಲಿನ ಹಳಿಯನ್ನು ಕಾಲ್ನಡಿಗೆಯಲ್ಲಿ ನೋಡುವ ಕೀಮನ್ ಇದ್ದಾನೆ, ಬಿಸಿಲು ಚಳಿಯ ತಿಂಗಳುಗಳಲ್ಲಿ ಜೋಡಣೆಯ ಅಂತರ ಅಳೆಯುವ ಮೇಲಿನವರಿದ್ದಾರೆ. ಆ ಕೆಲಸಕ್ಕೆ ನಮ್ಮ ನಕ್ಷೆ ಬದಲಿಯಲ್ಲ, ಆಗಬೇಕಾಗಿಯೂ ಇಲ್ಲ. ರೈಲಿನ ಸದ್ದಿನ ಬಗ್ಗೆ ಅಧ್ಯಯನ ಮಾಡುವವರಿಗೆ, ಫೋನಿನ ಕಂಪನಮಾಪಕದಿಂದ ಪ್ರಯಾಣದ ಕುಲುಕಾಟ ಅಳೆದು ಯಾವ ಕುಲುಕು ಯಾವುದರದೆಂದು ಬಿಡಿಸುವ ವಿದ್ಯಾರ್ಥಿಗಳಿಗೆ, ರೈಲು ಮಾರ್ಗವನ್ನು ವಿವರವಾಗಿ ತೋರಿಸುವ ಓಪನ್‌ರೈಲ್ವೇಮ್ಯಾಪ್‌ನಂಥ ಯೋಜನೆಗಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ಜೋಡಣೆಯೇ ಇಲ್ಲವಾದಾಗ

ಪ್ರಕರಣ ಇಲ್ಲಿಗೆ ಮುಗಿಯಿತೆಂದುಕೊಂಡ ಮೇಲೆ ಅದರ ನಿಜವಾದ ಪರೀಕ್ಷೆ ಬಂತು. ಮರುವರ್ಷ ಅದೇ ಸೇತುವೆಯಿಂದ ನೋಡಿದಾಗ ಬೆಂಗಳೂರು ಲೈನಿನ ಹಳಿ ಹೊಸದಾಗಿತ್ತು. ಜಲ್ಲಿ ಬಿಳಿಚಿಕೊಂಡಿತ್ತು, ಪಕ್ಕದಲ್ಲಿ ಹಳೆಯ ಹಳಿಯ ತುಂಡುಗಳು ಇನ್ನೂ ಬಿದ್ದಿದ್ದವು, ಮತ್ತು ಎಸ್‌ಇಜೆ ಇದ್ದ ಜಾಗದಲ್ಲಿ ಹೊಳೆಯುವ ಪಟ್ಟಿ ಎಲ್ಲೂ ಓರೆಯಾಗದೆ ನೇರವಾಗಿ ಯಾರ್ಡಿನೊಳಕ್ಕೆ ಸಾಗಿತ್ತು. ಇದರಲ್ಲಿ ಅಚ್ಚರಿಯೇನಿಲ್ಲ. ಎಸ್‌ಇಜೆ ಮಾರ್ಗದಲ್ಲಿ ಹೆಚ್ಚು ಆರೈಕೆ ಬೇಡುವ ಜಾಗ. ಅಲ್ಲಿ ಹಳಿಗೆ ಪೆಟ್ಟು ಹೆಚ್ಚು, ಅಳತೆ ಹೆಚ್ಚು, ಜೋಪಾನ ಹೆಚ್ಚು. ಪಾಯಿಂಟಿನಲ್ಲಿ ಹಳಿಗಳು ಒಂದನ್ನೊಂದು ದಾಟುವೆಡೆ ಕೂರಿಸುವ ಕ್ರಾಸಿಂಗುಗಳಲ್ಲಿ ಬೆಸೆಯಲು ಬರುವಂಥವು ಬಂದ ಮೇಲೆ ಬೆಸೆದ ಹಳಿಯನ್ನು ಯಾರ್ಡಿನ ಪಾಯಿಂಟುಗಳ ಮೂಲಕವೇ ಮುಂದುವರಿಸಿ, ಎಸ್‌ಇಜೆಗಳನ್ನು ಸಾಧ್ಯವಾದಷ್ಟು ಕಡಿಮೆ ಮಾಡುವುದು ಭಾರತೀಯ ರೈಲ್ವೆ ಹಿಡಿದಿರುವ ದಾರಿ. ನಾವು ನಕ್ಷೆಯಲ್ಲಿ ಗುರುತಿಸುತ್ತಿರುವುದು ಕಡಿಮೆಯಾಗುತ್ತಾ ಹೋಗಬೇಕೆಂದು ರೈಲ್ವೆಯೇ ಬಯಸುವ ವಸ್ತುವನ್ನು. 39 ಮೀಟರಿನ ನಿಯಮದಿಂದ ಇಡೀ ಮಾರ್ಗಕ್ಕೆ ಬಿಂದು ಸುರಿದಿದ್ದರೆ ಅದರಲ್ಲಿ ಎಷ್ಟು ಈಗಾಗಲೇ ಸುಳ್ಳಾಗಿರುತ್ತಿದ್ದವೋ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಇಲ್ಲವಾದದ್ದನ್ನು ಅಳಿಸುವುದೇ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ರೀತಿ; ಹಳೆಯ ಆವೃತ್ತಿಗಳು ಇತಿಹಾಸದಲ್ಲಿ ಹೇಗೂ ಉಳಿದಿರುತ್ತವೆ. ನಾನೂ ಮೊದಲಿಗೆ ಅಳಿಸುವ ಪಕ್ಷದಲ್ಲೇ ಇದ್ದೆ. ಆದರೆ ಉಪಗ್ರಹ ಚಿತ್ರ ಇನ್ನೂ ಹಳೆಯದೇ ಇತ್ತು, ಸೇತುವೆಯಿಂದ ನಾವೇ ಮುಕ್ತ ಪರವಾನಗಿಯಲ್ಲಿ ಹಂಚಿದ ಹಳೆಯ ಚಿತ್ರಗಳಲ್ಲಿ ಜೋಡಣೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಿಂದುವನ್ನು ಪೂರ್ತಿ ಅಳಿಸಿದರೆ ಆ ಚಿತ್ರ ನೋಡಿದ ಇನ್ನೊಬ್ಬ ಉತ್ಸಾಹಿ ಅದನ್ನು ಮತ್ತೆ ಸೇರಿಸುವುದು ಬಹುಮಟ್ಟಿಗೆ ಖಚಿತ. ಕೊನೆಗೆ ಗುರುತಿನ ಮುಂದೆ ‘ತೆಗೆದದ್ದು’ ಎಂಬರ್ಥದ ಪೂರ್ವಪದ ಸೇರಿಸಿ, ಕಾಣೆಯಾದದ್ದನ್ನು ನೋಡಿದ ದಿನಾಂಕ ಬರೆದು ಬಿಟ್ಟೆವು. ಹಾಗೆ ಬರೆದ ಬಿಂದುವನ್ನು ನಕ್ಷೆ ಬಿಡಿಸುವ ತಂತ್ರಾಂಶಗಳು ತೋರಿಸುವುದಿಲ್ಲ, ಆದರೆ ಸಂಪಾದಿಸಲು ಬಂದವರ ಕಣ್ಣಿಗೆ ಅದು ಬೀಳುತ್ತದೆ. ಚಿತ್ರ ಹೊಸದಾದ ಮೇಲೆ ಅದನ್ನೂ ತೆಗೆಯಬಹುದು. ಮೈಸೂರು ಲೈನಿನ ಬಿಂದುವಿಗೆ ಹೊಸ ದಿನಾಂಕ ಮಾತ್ರ ಸೇರಿಸಿದೆವು, ಆ ಜೋಡಣೆ ಇದ್ದಲ್ಲೇ ಇತ್ತು.

ಇದೇ ಮಾರ್ಗದಲ್ಲಿ ಗೆರೆಗಳೇ ಬದಲಾದ ದೊಡ್ಡ ಉದಾಹರಣೆಯೊಂದಿದೆ. ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗಿಂತ ಹೆಚ್ಚು ದೂರ ಸರಿಸಲಾಯಿತು. ಅಂಥ ಬದಲಾವಣೆ ಸುದ್ದಿಯಾಗುತ್ತದೆ, ನಕ್ಷೆಗಾರರು ಅಂದೇ ಓಡಿಬರುತ್ತಾರೆ. ಒಂದು ಎಸ್‌ಇಜೆ ಹೋದದ್ದು ಸುದ್ದಿಯಾಗುವುದಿಲ್ಲ, ಆದ್ದರಿಂದ ಅದರ ಬಿಂದು ಬದುಕಿರಬೇಕಾದರೆ ಮತ್ತೆ ಮತ್ತೆ ಹೋಗಿ ನೋಡುವ ಒಬ್ಬ ಸ್ಥಳೀಯ ಬೇಕು. ನಮ್ಮ ನಿರ್ಧಾರದಲ್ಲಿ ಇದೂ ಸೇರಿದೆ: ಹೋಗಿ ನೋಡಲು ಯಾರೂ ಇಲ್ಲದ ಕಡೆ ಎಸ್‌ಇಜೆ ಬರೆಯುವುದಿಲ್ಲ.

ಯಾರ್ಡಿನ ಮೈಸೂರು ತುದಿಯಲ್ಲಿ ಸೇತುವೆಯಿಲ್ಲ, ಗೇಟಿಲ್ಲ, ಪ್ಲಾಟ್‌ಫಾರ್ಮಿನ ಕೊನೆಯಿಂದ ನೋಡಿದರೆ ತಿರುವಿನಾಚೆ ಹಳಿ ಮರೆಯಾಗುತ್ತದೆ. ನಿಯಮದ ಪ್ರಕಾರ ಅಲ್ಲಿಯೂ ಎರಡು ಜೋಡಣೆಗಳು ಇರಬೇಕಿತ್ತು, ರೈಲಿನಲ್ಲಿ ಹೋಗುವಾಗ ಮೈಸೂರು ಲೈನಿನಲ್ಲಿ ಒಂದರ ಸದ್ದೂ ಕೇಳುತ್ತದೆ. ಅದನ್ನು ಜಾಗ ನಿಗದಿಯಾಗಬೇಕಾದ ಸುಳಿವೆಂದು ನಕ್ಷೆಯ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದೇವೆ. ಬಿಂದು ಇಟ್ಟಿಲ್ಲ.